ತಾಜುನ್ನಿಸಾಳ ಬರಣಿ

ಗಂಡುಮೀನನ್ನು ಇವತ್ತೇ ಬೇರೆ ಮಾಡಬೇಕಿತ್ತು. ದೇವಿಂದ್ರಪ್ಪ ಎದ್ದವನೇ ಮುಖಕ್ಕೆ ನೀರು ಕೂಡ ಹಾಕಿಕೊಳ್ಳದೆ ಮೂಲೆಯ ಮಣ್ಣಿನ ಬಾನಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ನಿನ್ನೆಯವರೆಗೆ ನೊರೆಯ ಗೂಡಿನ ಕೆಳಗೆ ಬಾಲ ಇಳಿಬಿಟ್ಟು ಜೋತುಬಿದ್ದಿದ್ದ ಮರಿಗಳು ಇವತ್ತು ಅಡ್ಡಡ್ಡ ಈಜಾಡುತ್ತಿದ್ದವು. ಮರಿಗಳೆನ್ನುವುದೂ ದೊಡ್ಡ ಮಾತೇ. ನೀರಿಗೆ ಕಣ್ಣು ಬಂದು ಅತ್ತಿತ್ತ ಸರಿದಾಡುತ್ತಿದೆ ಅನ್ನಬೇಕು. ಅವುಗಳ ಅಪ್ಪ, ಶಾಯಿ ನೀಲಿಯ ಫೈಟರ್ ಮೀನು, ಇನ್ನೂ ತನ್ನ ಹಳೆಯ ಕೆಲಸದಲ್ಲೇ ಇತ್ತು. ಗೂಡಿನಿಂದ ದೂರ ಸರಿದ ಮರಿಯನ್ನು ಬಾಯಲ್ಲಿ ಹಿಡಿದು ತಂದು ನೊರೆಗೆ ಉಗುಳುತ್ತಿತ್ತು. ಅದು ಮತ್ತೆ ಓಡುತ್ತಿತ್ತು. ಇದು ಮತ್ತೆ ಬೆನ್ನಟ್ಟುತ್ತಿತ್ತು. ಅದರ ಮುಖದಲ್ಲಿ, ಮೀನಿಗೂ ಒಂದು ಮುಖವಿದೆ ಎನ್ನುವುದಾದರೆ, ಸಿಟ್ಟು ಬರತೊಡಗಿದೆ ಅಂತ ದೇವಿಂದ್ರಪ್ಪನಿಗೆ ಅನ್ನಿಸಿತು. ಇದೇ ಹೊತ್ತು. ಮೊಟ್ಟೆ ಆಯ್ದು, ನೊರೆ ಊದಿ, ಉಪವಾಸವಿದ್ದು ಕಾದ ಇದೇ ಬಾಯಿ ಇನ್ನು ಸ್ವಲ್ಪ ಹೊತ್ತಿಗೆ ಯಾವುದೋ ಒಂದು ಮರಿಯನ್ನು ಉಗುಳಲು ಮರೆಯುತ್ತದೆ. ಒಂದನ್ನು ಮರೆತರೆ ಮುಗಿಯಿತು. ಹಿಂದೊಮ್ಮೆ ಅವನು ಹೀಗೇ ತಡಮಾಡಿ ಸಂಜೆ ಬಂದು ನೋಡಿದರೆ ಬಾನಿ ಖಾಲಿಯಾಗಿತ್ತು. ಗಂಡುಮೀನೊಂದೇ ಹೊಟ್ಟೆ ಉಬ್ಬಿಸಿಕೊಂಡು ಒಡೆದ ನೊರೆಯ ಕೆಳಗೆ ಕಾವಲು ನಿಂತಿತ್ತು. ಯಾರನ್ನು ಕಾಯುತ್ತಿದೆಯೋ, ಪಾಪ, ಅದಕ್ಕೂ ಗೊತ್ತಿರಲಿಲ್ಲ.

ಆದರೂ ಅವನು ಏಳಲಿಲ್ಲ, ಸೌಟು ಹುಡುಕಲಿಲ್ಲ. ಕಾರ್ಖಾನೆಯ ಭೋಂಗಾ, ಅಂದರೆ ಪಾಳಿಯ ಸೈರನ್, ಹೊಡೆದು ಬಂದು ತೆಗೆದರಾಯಿತು ಎಂದುಕೊಂಡ. ತಲೆಯಲ್ಲಿ ಬೇರೆಯದೇ ಹುಳ ಹೊಕ್ಕಿತ್ತು. ನಿನ್ನೆ ಗುಜರಿಯ ಲಾಲ್ ಅಹ್ಮದ್, ಈ ಮನೆಯ ಹೊಸ್ತಿಲವರೆಗೆ ಬರುವ ಒಬ್ಬನೇ ಮನುಷ್ಯ, ಖಾಲಿ ಹಾರ್ಲಿಕ್ಸ್ ಬಾಟಲಿ ಕೊಟ್ಟು ಹೋಗುವಾಗ ಸುಮ್ಮನೆ ಹೇಳುವಂತೆ ಹೇಳಿದ್ದ. "ಕಾಕಾ, ಬಾಬುಮಿಯಾ ಬಂಬೈಲಿಂದ ವಾಪಸ್ ಬಂದಾನ್ರಿ. ವಾಡಿದಾಗ ಸ್ಟೇಷನ್ ಹಿಂದ ಸೈಕಲ್ ದುಕಾನ ಹಾಕ್ಯಾನ. ತಾಜಕ್ಕನೂ ಅದಾಳ." ಅಷ್ಟು ಹೇಳಿ ಅವನು ಗಾಡಿ ತಳ್ಳಿಕೊಂಡು ಹೋದ. ಆಗಿನಿಂದ ದೇವಿಂದ್ರಪ್ಪನ ಕಣ್ಣು ಗೋಡೆಯ ಗೂಡಿನಲ್ಲಿಟ್ಟ ಆ ಬರಣಿಯ ಮೇಲೇ ಇತ್ತು. ಗೋಡೆಯುದ್ದಕ್ಕೂ ಫರ್ಸಿ ಕಲ್ಲಿನ ಹಲಗೆ, ಹಲಗೆಯುದ್ದಕ್ಕೂ ಬಾಟಲಿಗಳು, ಪ್ರತಿಯೊಂದರಲ್ಲಿ ಒಂದೊಂದೇ ಗಂಡು. ಎರಡು ಬಾಟಲಿಗಳ ನಡುವೆ ಒಂದೊಂದು ರಟ್ಟು. ರಟ್ಟು ತೆಗೆದರೆ ಸಾಕು, ಒಂದೇ ನೊರೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರು ಕಿವಿರು ಅಗಲಿಸಿ ಗಾಜಿಗೆ ತಲೆ ಚಚ್ಚಿಕೊಳ್ಳುತ್ತವೆ. ಆದರೆ ಬರಣಿಯ ಗೌರವವೇ ಬೇರೆ. ಅದು ದಪ್ಪ ಗಾಜಿನದು, ಕೊರಳಲ್ಲಿ ಹಸಿರು ಪಟ್ಟೆಯಿದೆ, ಬಾಬುಮಿಯಾನ ಹೆಂಡತಿ ತಾಜುನ್ನಿಸಾಳ ತವರಿನಿಂದ ಉಪ್ಪಿನಕಾಯಿ ತುಂಬಿಕೊಂಡು ಬಂದದ್ದು. ಅದರಲ್ಲಿ ಯಾವಾಗಲೂ ಇದ್ದ ಮೀನುಗಳಲ್ಲಿ ಎಲ್ಲಕ್ಕಿಂತ ಚೆಂದದ ಗಂಡೇ ಇರಬೇಕು ಅಂತ ಅವನೇ ಮಾಡಿಕೊಂಡ ಕಾನೂನು. ಯಾರು ಕೇಳಿದ್ದರು ಇವನ ಕಾನೂನು?

ಕಾರ್ಖಾನೆಯ ಗೇಟಿನ ಪಕ್ಕದ ಖೋಲಿಯಲ್ಲಿ ಬೆಳಗಿನ ಭೋಂಗಾ ಹೊಡೆದ. ಗುಂಡಿ ಒತ್ತಿ ಹಿಡಿಯುವುದು, ಅದು ಏರುವುದು, ಏರಿ ನಿಲ್ಲುವುದು, ಕೈಬಿಡುವುದು, ಅದು ಇಳಿಯುವುದು. ಇಷ್ಟು ವರ್ಷದಿಂದ ಅದರ ಬುಡದಲ್ಲೇ ನಿಂತವನಿಗೆ ಅದು ಸದ್ದಾಗಿ ಉಳಿದಿರಲಿಲ್ಲ. ಹಲ್ಲಿನಲ್ಲಿ, ಎದೆಯ ಎಲುಬಿನಲ್ಲಿ ಒಂದು ನಡುಕ, ಆಮೇಲೆ ಕಿವಿಯಲ್ಲಿ ಹತ್ತಿ ತುರುಕಿದಂಥ ಮೌನ. ಕಲ್ಲು ಪಾಲಿಶ್ ಮಾಡುವ ಆಳುಗಳು ಬಿಳಿ ಧೂಳು ಮೆತ್ತಿದ ಚಪ್ಪಲಿ ಎಳೆಯುತ್ತ ಒಳಗೆ ಹೋದರು. ಹೊಸಬರು ನೋಡಿಯೂ ನೋಡದಂತೆ ಹೋದರು. ಹಳಬರು ನೋಡದಂತೆ ನೋಡಿ ಹೋದರು. ಎರಡಕ್ಕೂ ಇರುವ ಅಂತರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೇಟಿನ ವಾಚ್‌ಮನ್ ಅಮೃತಪ್ಪ ಹರತಾಳ ಮುಗಿದ ಮೇಲೆ ಸೇರಿದವನು, ಯಾವುದಕ್ಕೂ ಸಂಬಂಧವಿಲ್ಲದವನು. ದೇವಿಂದ್ರಪ್ಪ ಅವನ ಹತ್ತಿರ ಹೋಗಿ, ವಾಡಿಗೆ ಹೋಗಿಬರುವುದಿದೆ, ತಡವಾದರೆ ಎರಡನೆಯ ಪಾಳಿಯ ಭೋಂಗಾ ನೀನೇ ಹೊಡೆಯಬೇಕು ಅಂದ. ಅಮೃತಪ್ಪ ಹಿಂದೆ ಸರಿದ. "ನನಗ ಅದೆಲ್ಲ ಬರೂದಿಲ್ರಿ."

"ಅದರಾಗೇನದ ಬರೂದು? ಗುಂಡಿ ಒತ್ತಿ ಹಿಡಿಯೂದು, ಅಷ್ಟೇ."

ಹೇಳಿದ ಮೇಲೆ ಆ ಮಾತು ಎಲ್ಲೋ ಕೇಳಿದ್ದು ಅನ್ನಿಸಿ ಬಾಯಿ ಕಹಿಯಾಯಿತು. ಕೇಳಿದ್ದು ಆ ಭೋಂಗಾದ ಖೋಲಿಯಲ್ಲೇ, ವರ್ಷಗಳ ಹಿಂದೆ. ಹರತಾಳ ಶುರುವಾಗಿ ಒಂದು ತಿಂಗಳಾಗಿತ್ತು. ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಹರತಾಳದ ಮುಂದಾಳು ಬಾಬುಮಿಯಾನ ಸುತ್ತ ಎಲ್ಲರೂ ಕೂತಿದ್ದರು, ದೇವಿಂದ್ರಪ್ಪನೂ ಕೂತಿದ್ದ, ಅವನ ಪಕ್ಕದಲ್ಲೇ, ಒಂದೇ ಬೀಡಿ ಇಬ್ಬರೂ ಎಳೆಯುತ್ತ. ಮ್ಯಾನೇಜರ್ ಹಣಮಂತರಾಯರು ದೇವಿಂದ್ರಪ್ಪನೊಬ್ಬನನ್ನೇ ಒಳಗೆ ಕರೆಸಿದರು. ಕುರ್ಚಿ ಕೊಟ್ಟು ಕೂಡಿಸಿದರು. ಅವನು ಕುರ್ಚಿಯ ಅಂಚಿನಲ್ಲಿ ಬೀಳುವವನಂತೆ ಕೂತ. "ದೇವಿಂದ್ರಪ್ಪ, ನೀ ಕಲ್ಲ ಕೊಯ್ಯೂದು ಬ್ಯಾಡ, ಹೊರೂದು ಬ್ಯಾಡ. ನಿನ್ನ ಮಂದಿಗೆ ದ್ರೋಹ ಮಾಡು ಅಂತ ನಾ ಹೇಳಾಂಗಿಲ್ಲ. ಭೋಂಗಾ ಹೊಡಿ, ಅಷ್ಟೇ." ಅಷ್ಟೇ ಅಲ್ಲವೇ ಅಂತ ಅವನಿಗೂ ಅನ್ನಿಸಿತು. ಭೋಂಗಾ ಹೊಡೆದರೆ ಕಲ್ಲೇನು ತಾನಾಗಿ ಕೊಯ್ದುಕೊಳ್ಳುತ್ತದೆಯೇ? ಇಲ್ಲ ಎನ್ನಲು ಬಾಯಿ ತೆರೆದಿದ್ದ, ಅದು ನಿಜ. ಆದರೆ ರಾಯರು ಅಷ್ಟರಲ್ಲಿ ಚಹಾ ತರಿಸಿದರು, ತೆರೆದ ಬಾಯಿಯಿಂದ ಚಹಾ ಕುಡಿದ. ಮರುದಿನ ಬೆಳಿಗ್ಗೆ ಭೋಂಗಾ ಆಯಿತು. ಅದರ ಮರುದಿನವೂ ಆಯಿತು. ಒಲೆ ಹೊತ್ತದ ಮನೆಗಳಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ, ಮಲಗಿದ್ದವರು ಎದ್ದು ಕೂತರು. ಕೆಲಸ ಶುರುವಾಗಿದೆ, ಯಾರೋ ಒಳಗೆ ಹೋಗಿದ್ದಾರೆ, ನಾವೇ ಹಿಂದೆ ಉಳಿದೆವು ಅಂತ ಮೊದಲು ನಾಲವಾರದ ಕಡೆಯವರು ಬಂದು ಗೇಟಿನಲ್ಲಿ ಇಣುಕಿದರು. ಇಣುಕಿದವರನ್ನು ಒಳಗೆ ಕರೆದುಕೊಂಡರು. ವಾರ ಕಳೆಯುವುದರೊಳಗೆ ಬೇವಿನ ಗಿಡದ ಕೆಳಗೆ ಬಾಬುಮಿಯಾ ಮತ್ತು ಅವನ ನೆರಳು ಎರಡೇ ಉಳಿದವು.

ಬಾಬುಮಿಯಾನನ್ನು ಕೆಲಸಕ್ಕೂ ತೆಗೆದುಕೊಳ್ಳಲಿಲ್ಲ, ಕಾರ್ಖಾನೆ ಕೊಟ್ಟ ಲೈನಿನ ಮನೆಯಲ್ಲೂ ಉಳಿಸಲಿಲ್ಲ. ರಾಯರ ಆಳುಗಳು ಬಂದು ಪಾತ್ರೆ, ಕೌದಿ, ಟ್ರಂಕು ಎಲ್ಲ ತಂದು ಬೀದಿಗೆ ಇಟ್ಟರು. ದೇವಿಂದ್ರಪ್ಪ ಪಕ್ಕದ ತನ್ನ ಮನೆಯ ಒಳಗಿನಿಂದ ಅಗಳಿ ಹಾಕಿಕೊಂಡು ಬಾಗಿಲ ಸಂದಿನಲ್ಲಿ ನಿಂತಿದ್ದ. ಅಗಳಿ ತೆಗೆದು ಹೊರಗೆ ಹೋದವಳು ಅವನ ಹೆಂಡತಿ ಪೀರಮ್ಮ. ತಾಜುನ್ನಿಸಾ ಬರಣಿಯನ್ನೂ, ಅದರ ಕೊರಳಿಗೆ ದಾರದಿಂದ ಕಟ್ಟಿದ ಸಣ್ಣ ಬಾಟಲಿಯನ್ನೂ ಅವಳ ಕೈಗೆ ಕೊಟ್ಟದ್ದು ಅವನಿಗೆ ಕಾಣಿಸಿತು. ಬಾಬುಮಿಯಾ ಬಂಬೈಯ ಭಾವಮೈದುನನಿಂದ ತರಿಸಿ, ಹರತಾಳದ ಹಸಿವಿನಲ್ಲೂ ಸೊಳ್ಳೆಮರಿ ಹಿಡಿದು ಹಾಕಿ ಸಾಕಿದ ಫೈಟರ್ ಮೀನಿನ ಜೋಡಿ ಅವುಗಳಲ್ಲಿತ್ತು, ಬರಣಿಯಲ್ಲಿ ಗಂಡು, ಬಾಟಲಿಯಲ್ಲಿ ಹೆಣ್ಣು. "ರೈಲಿನಾಗ ಒಯ್ಯಾಕ ಆಗೂದಿಲ್ಲ ಅಕ್ಕಾ. ನೀರ ಬದಲಿಸು, ಅಷ್ಟೇ." ಹೋಗುವಾಗ ಅವಳು ಅಳಲಿಲ್ಲ, ಈ ಬಾಗಿಲಿನ ಕಡೆ ನೋಡಲೂ ಇಲ್ಲ. ಪೀರಮ್ಮ ಒಳಗೆ ಬಂದು ಬಹಳ ಹೊತ್ತು ಆ ಎರಡನ್ನೂ ನೋಡುತ್ತ ಕೂತಳು. ಗಂಡ ಹೆಂಡತಿಯನ್ನು ಹೀಗೆ ಎರಡು ಬಾಟಲಿಯಲ್ಲಿ ಬೇರೆಬೇರೆ ಇಡುವುದು ಯಾವ ನ್ಯಾಯ ಅಂತ ಅವಳಿಗೆ ಅನ್ನಿಸಿರಬೇಕು. "ಮನಿ ಅಂತೂ ಮುರೀತು, ಇವಾದ್ರೂ ಒಂದಕಡಿ ಇರ್ಲಿ" ಅಂತ ಎರಡನ್ನೂ ಒಂದೇ ಬಾನಿಗೆ ಸುರುವಿದಳು. ಗಂಡು ನೊರೆ ಕಟ್ಟಿತು. ಎರಡೂ ಸುತ್ತಿಕೊಂಡು ಮೊಟ್ಟೆ ಉದುರಿಸುವುದನ್ನು ಪೀರಮ್ಮ ಸೆರಗು ಬಾಯಿಗಿಟ್ಟುಕೊಂಡು ನಾಚಿಕೊಂಡು ನೋಡಿದಳು. ಮರುದಿನ ಹೆಣ್ಣು ಬಾನಿಯ ಅಂಚಿನಲ್ಲಿ ರೆಕ್ಕೆಯೆಲ್ಲ ಚಿಂದಿಯಾಗಿ ತೇಲುತ್ತಿತ್ತು. ಮೊಟ್ಟೆ ಇಟ್ಟ ಮೇಲೆ ಹೆಣ್ಣನ್ನು ತೆಗೆಯಬೇಕು, ಇಲ್ಲದಿದ್ದರೆ ಗಂಡು ಅದನ್ನು ಮೊಟ್ಟೆಯ ಹತ್ತಿರ ಬಿಡುವುದಿಲ್ಲ ಎಂಬುದು ಇಬ್ಬರಿಗೂ ತಿಳಿದಿರಲಿಲ್ಲ. ಪೀರಮ್ಮ ಆ ದಿನ ಊಟ ಮಾಡಲಿಲ್ಲ.

ಆಮೇಲಿನದೆಲ್ಲ ದೇವಿಂದ್ರಪ್ಪ ಸಾಯಿಸಿ ಸಾಯಿಸಿ ಕಲಿತದ್ದು. ಕಾಯಿಸಿದರೆ ಗಡಿಗೆಯ ತಳದಲ್ಲಿ ಸುಣ್ಣ ಕೂರುವ ಇಲ್ಲಿಯ ಬಾವಿ ನೀರು ಮರಿಗಳಿಗೆ ಆಗದು ಅಂತ ಮಳೆ ನೀರು ಹಿಡಿದು ಮಣ್ಣಿನ ಹರವಿಗಳಲ್ಲಿ ಕೂಡಿಟ್ಟ. ಕೆಂಪಾಗಿ ಉದುರಿದ ಬಾದಾಮಿ ಎಲೆ ನೆನೆಹಾಕಿದರೆ ನೀರು ಚಹಾದ ಬಣ್ಣಕ್ಕೆ ತಿರುಗಿ ಮೀನಿಗೆ ನೆಮ್ಮದಿಯಾಗುತ್ತದೆ. ಹುಲ್ಲು ಕೊಳೆಸಿದ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಹುಟ್ಟುತ್ತವೆ, ಮರಿಗಳಿಗೆ ಮೊದಲ ಅನ್ನ ಅದೇ. ಸ್ವಲ್ಪ ದೊಡ್ಡವಾದ ಮೇಲೆ ಖಣಿಯ ಹೊಂಡದಿಂದ ಧೋತರದಲ್ಲಿ ಸೋಸಿ ತಂದ ಸೊಳ್ಳೆಮರಿ. ಹೀಗೆ ಆ ಒಂದು ಜೋಡಿಯ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. ಹೆಚ್ಚಾದವನ್ನು ಲಾಲ್ ಅಹ್ಮದ್ ಬಾಟಲಿಗಳ ಬದಲಿಗೆ ಒಯ್ಯುತ್ತಿದ್ದ. ಆದರೆ ಬರಣಿಯ ಗಂಡನ್ನು ಇವನು ಯಾರಿಗೂ ಕೊಡಲಿಲ್ಲ. ಇದು ಬಾಬುಮಿಯಾನದು, ನನ್ನ ಹತ್ತಿರ ಇಟ್ಟದ್ದು, ಅವನು ಬಂದ ದಿನ ಒಪ್ಪಿಸಬೇಕು ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಲೈನಿನಲ್ಲಿ ಅವನಿಂದ ಬೀಡಿಗೆ ಬೆಂಕಿ ಕೂಡ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ ಒಂದು ದಾರಿಯಾಗುತ್ತಿತ್ತು. ನಳದ ಹತ್ತಿರ ಹೆಂಗಸರು ಪೀರಮ್ಮನ ಕೊಡಕ್ಕೆ ತಾಕದಂತೆ ತಮ್ಮ ಕೊಡಗಳನ್ನು ಒಂದು ಗೇಣು ಸರಿಸಿಕೊಳ್ಳುತ್ತಿದ್ದರು, ಜಗಳವಿಲ್ಲ, ಮಾತಿಲ್ಲ, ಆ ಒಂದು ಗೇಣು ಮಾತ್ರ. ಪೀರಮ್ಮ ಅದನ್ನು ಗಂಡನಿಗೆ ಹೇಳಲೇ ಇಲ್ಲ. ಮಗಳ ಬಾಣಂತನಕ್ಕೆ ಅಂತ ಅವಳ ಊರು ಆಡಕಿಗೆ ಹೋದಳು. ಆ ಕೂಸು ಈಗ ಓಡಾಡುತ್ತದಂತೆ, ಕೋಳಿ ಅಟ್ಟಿಸಿಕೊಂಡು ಹೋಗುತ್ತದಂತೆ. ಬಾಣಂತನ ಮುಗಿದಿಲ್ಲ. ದೇವಿಂದ್ರಪ್ಪ ಒಮ್ಮೆ ಹೋಗಿ ಅಂಗಳದಲ್ಲಿ ಕೂತು, ಉಂಡು, ಬಾ ಎಂದು ಕರೆಯದೆ ವಾಪಸ್ ಬಂದಿದ್ದ. ಕರೆದು ಅವಳು ಬರುವುದಿಲ್ಲ ಅಂದರೆ ಏನು ಮಾಡುವುದು ಅಂತ ಅಂಜಿಕೆ.

ಬರಣಿಯ ನೀರು ಅರ್ಧಕ್ಕಿಳಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಒದ್ದೆ ಟವೆಲಿನಲ್ಲಿ ಸುತ್ತಿ ಅವನು ಮಧ್ಯಾಹ್ನದ ಹೊತ್ತಿಗೆ ವಾಡಿಯ ದಾರಿ ಹಿಡಿದ. ಬಸ್ಸಿನಲ್ಲಿ ಕುಲುಕುತ್ತದೆ ಅಂತ ನಡೆದೇ ಹೊರಟ. ಬಾನಿಯ ಗಂಡುಮೀನನ್ನು ಬೇರೆ ಮಾಡಲಿಲ್ಲ ಎಂಬುದು ನೆನಪಾದದ್ದು ರಾವೂರು ದಾಟಿ ಖಣಿಗಳ ಬದಿಗೆ ಬಂದ ಮೇಲೆ. ನಿಂತ. ತಿರುಗಿ ಹೋದರೆ ಇವತ್ತು ಮತ್ತೆ ಹೊರಡುವ ಧೈರ್ಯ ಬರಲಿಕ್ಕಿಲ್ಲ ಅಂತ ಅವನಿಗೆ ತನ್ನ ಬಗ್ಗೆ ಖಾತ್ರಿಯಿತ್ತು. ಬೇಗ ಬಂದರಾಯಿತು, ಮೀನಿಗೂ ಒಂದಿಷ್ಟು ತಂದೆಯ ಕರುಳು ಇದ್ದೀತು ಎಂದುಕೊಂಡು ಮುಂದೆ ನಡೆದ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಜೋಡಿಸಿದ. 'ಬಾಬುಮಿಯಾ, ನಿನ್ನ ಮೀನ ತಂದೀನಿ.' ಮೊದಲು ಹೀಗೇ ಅನ್ನುವುದು. ಭೋಂಗಾದ ಮಾತು ಅವನೇ ತೆಗೆದರೆ? ತೆಗೆದರೆ, ನಾ ಒಂದು ಕಲ್ಲೂ ಮುಟ್ಟಿಲ್ಲ ಅನ್ನಬೇಕು. ಬೇಡ, ಅದನ್ನು ಅನ್ನಬಾರದು. ತಪ್ಪಾಯಿತು ಅನ್ನಬೇಕು. ತಪ್ಪಾಯಿತು ಎಂಬುದನ್ನು ನಿಂತು ಅನ್ನುವುದೋ ಕೂತು ಅನ್ನುವುದೋ? ಬಿಸಿಲಿಗೆ ಬಿಳಿ ಕಲ್ಲುಗಳ ಝಳ ಕಣ್ಣಿಗೆ ಹೊಡೆಯುತ್ತಿತ್ತು. ಅವನಿಗೆ ಬೇಕಾದದ್ದು ದೊಡ್ಡದೇನಲ್ಲ. ಬಾಬುಮಿಯಾ ಒಮ್ಮೆ, ನಾಲ್ಕು ಜನರ ಎದುರಿಗೆ, ಕುಂದ್ರು ದೇವಿಂದ್ರಪ್ಪಾ ಅನ್ನಬೇಕು. ಅವನು ಅಂದರೆ ಲೈನಿನವರೂ ಅಂದಾರು. ಕೊಡಗಳು ಮತ್ತೆ ಒಂದಕ್ಕೊಂದು ತಾಕಿಯಾವು.

ಸೈಕಲ್ ಅಂಗಡಿ ಎಂದರೆ ತಗಡಿನ ಒಂದು ಮಾಡು, ಹಿಂದೆ ಒಂದು ಖೋಲಿ, ನಡುವೆ ಗೋಣಿಯ ಪರದೆ. ಬಾಬುಮಿಯಾ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. ಬೆಂಚಿನ ಮೇಲೆ ಹಳೆಯ ಕಾರ್ಖಾನೆಯವರೇ ಇಬ್ಬರು ಕೂತಿದ್ದರು. ಇವನನ್ನು ನೋಡಿ ಮಾತು ನಿಲ್ಲಿಸಿದರು. ದೇವಿಂದ್ರಪ್ಪ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ. "ಆರಾಮ ಇದ್ದೀರೇನ್ರಿ?" ಅಂದ. ಒಂದೇ ಬೀಡಿ ಎಳೆದವನಿಗೆ 'ರೀ' ಹಚ್ಚಿದ್ದು ಕೇಳಿ ಅವನಿಗೇ ನಾಚಿಕೆಯಾಯಿತು. ಬಾಬುಮಿಯಾ ಟ್ಯೂಬು ಬಿಟ್ಟ. ಕೈಯ ನೀರು ಒರೆಸಿಕೊಳ್ಳುತ್ತ ಟವೆಲಿನ ಗಂಟನ್ನೇ ನೋಡಿದ. ದೇವಿಂದ್ರಪ್ಪ ಅವಸರದಿಂದ ಟವೆಲು ಬಿಚ್ಚಿದ.

ಬಿಸಿಲು ಬರಣಿಯೊಳಕ್ಕೆ ಇಳಿದು ಮೀನಿನ ನೀಲಿ ಒಮ್ಮೆಲೇ ಹೊತ್ತಿಕೊಂಡಿತು. ಬಾಬುಮಿಯಾನ ಮುಖ ಸಡಿಲಾದದ್ದು ದೇವಿಂದ್ರಪ್ಪನಿಗೆ ಕಾಣಿಸಿತು. ಹಳೆಯ ಮುಖ, ಬೇವಿನ ಗಿಡದ ಕೆಳಗಿನ ಮುಖ. ಅವನು ಬಗ್ಗಿ ಗಾಜಿಗೆ ಕಣ್ಣು ಹಚ್ಚಿದ.

"ಅರೇ... ಇದು ನಮ್ಮ ನೀಲಿದರ ತಳಿ ಅಲ್ಲೇನು? ಬಾಲದ ತುದಿಗಿ ಕೆಂಪ ನೋಡು, ಹಾಂಗೇ ಅದ."

"ಅದರ ಮರಿಮಗ," ಅಂದ ದೇವಿಂದ್ರಪ್ಪ.

"ಇಷ್ಟ ದಿನ ನೀ ಸಾಕಿದೇನು? ನೀನೇ?" ಬಾಬುಮಿಯಾ ನಕ್ಕ. "ಕುಂದ್ರು, ಕುಂದ್ರು. ಏ, ಇವನಿಗೊಂದು ಚಹಾ ಹೇಳ್ರಿ."

ಬೆಂಚಿನವರು ಸರಿದು ಜಾಗ ಮಾಡಿದರು. ಚಹಾ ಬಂತು. ದೇವಿಂದ್ರಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಸಕ್ಕರೆ ಹೆಚ್ಚಾಗಿತ್ತು, ಪಕ್ಕದವನ ಮೊಣಕಾಲು ಇವನ ಮೊಣಕಾಲಿಗೆ ತಾಕಿತ್ತು, ಅವನು ಕಾಲು ಸರಿಸಿಕೊಳ್ಳಲಿಲ್ಲ. ಇಷ್ಟೇ ಬೇಕಾಗಿತ್ತು, ಇನ್ನೇನೂ ಬೇಡ, ಈಗ ಎದ್ದು ಹೋಗಿಬಿಡಬೇಕು ಅಂತ ಮನಸ್ಸು ಹೇಳಿತು, ಆದರೆ ಇಷ್ಟು ಸುಖವನ್ನು ಬಿಟ್ಟು ಯಾರು ಏಳುತ್ತಾರೆ. ಬಾಬುಮಿಯಾ ಒಳಗಿನಿಂದ ಒಂದು ಬಾಟಲಿ ತಂದು ಇಟ್ಟ. ಅದರಲ್ಲಿ ಕೆಂಪು ಗಂಡು, ಬಂಬೈಯಿಂದ ತಂದದ್ದು, ಒಂದು ರೆಕ್ಕೆ ಹರಿದು ಕೂಡಿಕೊಂಡ ಗುರುತು ಇತ್ತು. ಎರಡು ಮೀನೂ ಒಂದನ್ನೊಂದು ಕಂಡು ಕಿವಿರು ಬಿಚ್ಚಿದವು. ಬೆಂಚಿನವರು ಓಹೋ ಅಂದರು.

"ನಾಲ್ಕು ಆಟ ಗೆದ್ದದ ಇದು. ನಿಂದು ಎಷ್ಟರದ ನೋಡೋಣು," ಅಂತ ಬಾಬುಮಿಯಾ ಬೋಗುಣಿಯ ನೀರು ಚೆಲ್ಲಿ ಹೊಸ ನೀರು ಹಾಕಿದ. ಕೆಂಪು ಮೀನನ್ನು ಅದಕ್ಕೆ ಬಿಟ್ಟ. "ಹೂಂ, ಹಾಕು."

ದೇವಿಂದ್ರಪ್ಪ ನಕ್ಕ, ತಮಾಷೆ ಎನ್ನುವ ಹಾಗೆ. ಯಾರೂ ನಗಲಿಲ್ಲ, ಕಾಯುತ್ತಿದ್ದರು. ಅವನ ಕೈಯೇ ಹೋಗಿ ಬರಣಿಯನ್ನು ಎತ್ತಿತು. ಈ ಮೀನು ಹುಲ್ಲಿನ ನೀರು ಕುಡಿದು ಬೆಳೆದದ್ದು ಅವನಿಗೆ ಗೊತ್ತು, ರಟ್ಟಿನ ಆಚೆ ಯಾರಿದ್ದಾರೆ ಅಂತ ಅದು ಒಮ್ಮೆಯೂ ಕಂಡಿಲ್ಲ. ಆದರೆ ಇದು ಬಾಬುಮಿಯಾನದು. ತಂದು ಒಪ್ಪಿಸಿಯಾಯಿತು. ಅವನ ಮೀನು, ಅವನ ಮರ್ಜಿ, ನನಗೇನು ಸಂಬಂಧ?

"ಯಾಕ ಹೆದರ್ತಿ? ನೀ ಏನೂ ಮಾಡೂದು ಬ್ಯಾಡ," ಅಂದ ಬಾಬುಮಿಯಾ ಸಲುಗೆಯಿಂದ. "ಬರಣಿ ಬಗ್ಗಿಸು, ಅಷ್ಟೇ."

ಬರಣಿ ಬಾಗಿತ್ತು. ನೀರು ಬಾಯಿಯ ಅಂಚಿಗೆ ಬಂದು ಬಟ್ಟೆಯನ್ನು ತೋಯಿಸಿ ತೊಟ್ಟಿಕ್ಕುತ್ತಿತ್ತು. ದೇವಿಂದ್ರಪ್ಪನ ಹಲ್ಲಿನಲ್ಲಿ, ಎದೆಯ ಎಲುಬಿನಲ್ಲಿ ಆ ನಡುಕ ಬಂತು, ಭೋಂಗಾ ಏರುವಾಗ ಬರುವಂಥದ್ದೇ. ಅವನು ಬರಣಿಯನ್ನು ನೆಟ್ಟಗೆ ಮಾಡಿದ.

"ಆಗೂದಿಲ್ಲ ಬಾಬುಮಿಯಾ."

"ಏನಾಗೂದಿಲ್ಲ?"

"ಸುರುವಾಕ ಆಗೂದಿಲ್ಲ. ನೀ ಬೇಕಾದ್ರ ಬೈ. ನನ್ನ ಕೈಲಿಂದ ಆಗೂದಿಲ್ಲ."

ಅಂಗಡಿಯಲ್ಲಿ ಗಾಲಿಯೊಂದು ತನ್ನಷ್ಟಕ್ಕೆ ತಿರುಗುತ್ತಿತ್ತು. ಬಾಬುಮಿಯಾ ಅದನ್ನು ಕೈಯಿಂದ ಹಿಡಿದು ನಿಲ್ಲಿಸಿದ. ಅವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ; ಬಹಳ ದಿನದಿಂದ ಕೇಳಬೇಕೆಂದಿದ್ದ ಒಂದು ಮಾತನ್ನು ಕೇಳುವವನಂತೆ ಮೆಲ್ಲಗೆ ಕೇಳಿದ.

"ಈ ಬಾಯಿ ಅವತ್ತ ಎಲ್ಲಿತ್ತೋ, ದೇವಿಂದ್ರಪ್ಪಾ?"

ಬೆಂಚಿನವನು ಮೊಣಕಾಲು ಸರಿಸಿಕೊಂಡ. ದೇವಿಂದ್ರಪ್ಪ ಅರ್ಧ ಉಳಿದಿದ್ದ ಚಹಾದ ಲೋಟವನ್ನು ನೋಡಿದ. ಬರಣಿಯನ್ನು ಎದೆಗವಚಿಕೊಂಡು ಎದ್ದ. ಎದ್ದವನಿಗೆ ಎದುರಿನಲ್ಲೇ ತಾಜುನ್ನಿಸಾ ಕಾಣಿಸಿದಳು. ಗೋಣಿಯ ಪರದೆ ಸರಿಸಿ ಯಾವಾಗಲೋ ಬಂದು ನಿಂತಿದ್ದಳು.

"ಬರಣಿ ನಂದು," ಅಂದಳು.

ಅವನು ಬರಣಿಯನ್ನು ನೋಡಿಕೊಂಡ. ಹೌದು, ಅವಳದು. ಒಪ್ಪಿಸಲು ಬಂದು ಕದ್ದವನಂತೆ ಎದೆಗೆ ಒತ್ತಿಕೊಂಡು ನಿಂತಿದ್ದ. ಅವಳು ಒಳಗೆ ಹೋಗಿ ಅಲ್ಯೂಮಿನಿಯಮ್ಮಿನ ಒಂದು ಜರ್ಮನ್ ತಂಬಿಗೆ ತಂದು ನೆಲದ ಮೇಲೆ ಇಟ್ಟಳು. ಅವನು ಕುಕ್ಕರಗಾಲಿನಲ್ಲಿ ಕೂತು ಬಟ್ಟೆ ಬಿಚ್ಚಿ ಮೀನನ್ನು ನೀರು ಸಮೇತ ತಂಬಿಗೆಗೆ ಇಳಿಸಿದ. ನೀಲಿ ಆ ಬೆಳ್ಳಗಿನ ಪಾತ್ರೆಯ ತಳದಲ್ಲಿ ಒಮ್ಮೆ ಸುತ್ತು ಹಾಕಿ ಮಂಕಾಯಿತು. ತಾಜುನ್ನಿಸಾ ಖಾಲಿ ಬರಣಿಯನ್ನು ಎತ್ತಿಕೊಂಡು ಕೊರಳಿನ ಹಸಿರು ಪಟ್ಟೆಯನ್ನು ಹೆಬ್ಬೆರಳಿನಿಂದ ಒರೆಸಿದಳು.

"ಪೀರಕ್ಕ ಹ್ಯಾಂಗದಾಳ?"

"ಆಡಕಿದಾಗ ಅದಾಳ, ಭಾಬಿ. ಮಗಳ ಮನ್ಯಾಗ."

"ಯಾವಾಗ ಬರ್ತಾಳ?"

ಅವನು ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿದ. ಅವಳಿಗೆ ಅರ್ಥವಾಗಿರಬೇಕು, ಹೆಂಗಸರಿಗೆ ಇಂಥದ್ದು ಬೇಗ ಅರ್ಥವಾಗುತ್ತದೆ. "ಬರಣಿ ನಾ ಕೊಟ್ಟಿದ್ದು ಅಕಿ ಕೈಯಾಗ. ನಿಮ್ಮ ಕೈಯಾಗ ಅಲ್ಲ," ಅಂದಳು. ಅಣ್ಣಾ ಅನ್ನಲಿಲ್ಲ, ಮೊದಲು ಅನ್ನುತ್ತಿದ್ದಳು. "ಈ ತಂಬಿಗಿ ಅಕಿ ಕೈಲಿ ಕಳಿಸ್ರಿ."

ಗೋಣಿಯ ಪರದೆ ಬಿತ್ತು. ಬಾಬುಮಿಯಾ ಕೆಂಪು ಮೀನನ್ನು ಬೋಗುಣಿಯಿಂದ ಹಿಡಿದು ಬಾಟಲಿಗೆ ಹಾಕುತ್ತಿದ್ದ, ತಲೆ ಎತ್ತಲಿಲ್ಲ.

ದಾರಿಯಲ್ಲಿ ಮೀನು ಆಗಾಗ ಮೇಲೆ ಬಂದು ಅವನ ಅಂಗೈಗೆ ಮುಟ್ಟಿ ಹೋಗುತ್ತಿತ್ತು. ಅದಕ್ಕೆ ಉಸಿರಿಗೆ ಗಾಳಿ ಬೇಕು, ನೀರೊಂದೇ ಸಾಲದು. ಅವನು ಬೆರಳು ಅಗಲಿಸಿ ಸಂದು ಬಿಟ್ಟ. ಗೆದ್ದು ಬಂದೆನೋ ಸೋತು ಬಂದೆನೋ ಅಂತ ತಿಳಿಯದ ಒಂದು ಖಾಲಿತನ. ಇಷ್ಟು ವರ್ಷದ ಮೇಲೆ ಬಾಯಿಂದ ಬಂದ ಒಂದು 'ಇಲ್ಲ', ಅದೂ ಯಾರಿಗೆ ಹೇಳಬೇಕಿತ್ತೋ ಅವರಿಗಲ್ಲ, ಯಾರಿಗೆ ಹೇಳಬಾರದಿತ್ತೋ ಅವನಿಗೆ. ಬಾಬುಮಿಯಾ ಇನ್ನು ಕುಂದ್ರು ಅನ್ನಲಿಕ್ಕಿಲ್ಲ. ಖಣಿಗಳ ಬದಿಗೆ ಬಂದಾಗ ಹಿಂದಿನಿಂದ, ಹೊಲದ ದಾರಿಗಳಿಂದ ಎರಡನೆಯ ಪಾಳಿಯವರು ಬುತ್ತಿಗಂಟು ಹಿಡಿದು ಬರುತ್ತಿದ್ದರು, ನಿಧಾನವಾಗಿ, ಹರಟೆ ಹೊಡೆಯುತ್ತ. ಆಗ ಭೋಂಗಾ ಆಯಿತು.

ಅವನು ಅದನ್ನು ಎಂದೂ ಕೇಳಿರಲಿಲ್ಲ. ಬುಡದಲ್ಲಿ ನಿಂತು ನಡುಗಿದ್ದ, ಆದರೆ ಹೀಗೆ ದೂರದಿಂದ, ಬಯಲಿನಲ್ಲಿ ನಿಂತು ಕೇಳಿದ್ದು ಇದೇ ಮೊದಲು. ಎಳೆಯ ಕರುವನ್ನು ಅಗಲಿ ದೂರ ಬಂದ ಹಸು ಕೂಗಿದ ಹಾಗೆ ಅದು ಎಲ್ಲಿಂದಲೋ ಎದ್ದು ಹೊಲಗಳ ಮೇಲೆ ಹಾದು ಬಂತು. ಹಾಳಾದ ಅಮೃತಪ್ಪ ಗುಂಡಿಯನ್ನು ಬಹಳ ಹೊತ್ತು ಒತ್ತಿ ಹಿಡಿದಿದ್ದ. ಸುತ್ತಲಿನವರ ಹರಟೆ ನಿಂತಿತು, ಹೆಜ್ಜೆ ಬಿರುಸಾಯಿತು. ದೇವಿಂದ್ರಪ್ಪನ ಕಾಲುಗಳೂ ಬಿರುಸಾದವು. ಅವನಿಗೆ ಪಾಳಿಯಿಲ್ಲ, ಹಾಜರಿಯಿಲ್ಲ, ಕೈಯಲ್ಲಿ ಮೀನಿನ ತಂಬಿಗೆ ಬೇರೆ, ಆದರೂ ಕಾಲುಗಳು ಯಾರನ್ನೂ ಕೇಳದೆ ಓಡುನಡಿಗೆಯಲ್ಲಿ ಹೊರಟುಬಿಟ್ಟಿದ್ದವು. ಹಿಂದೆ ಉಳಿದೆ, ಎಲ್ಲರೂ ಒಳಗೆ ಹೋದರು, ನಾನೊಬ್ಬನೇ ಹಿಂದೆ ಉಳಿದೆ ಅಂತ ಹೆದರಿಕೆ. ಹೊಟ್ಟೆ ತುಂಬಿದವನಿಗೆ ಹೀಗೆ. ಒಂದು ತಿಂಗಳಿಂದ ಒಲೆ ಆರಿದ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದವರಿಗೆ ಹೇಗೆ ಕೇಳಿಸಿರಬೇಕು? ಅವನು ಬಲವಂತದಿಂದ ನಿಂತ. ದಾರಿಯ ಪಕ್ಕದ ಕಲ್ಲಿನ ರಾಶಿಯ ಮೇಲೆ ಕೂತು, ತಂಬಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದು ಇಳಿದು ಪೂರ್ತಿ ಆರುವ ತನಕ ಅತ್ತ. ಪಾಳಿಯವರು ನೋಡುತ್ತ ಹೋದರು. ಅವರಲ್ಲೊಬ್ಬ ಹಳಬ ಏನಾಯಿತು ಎನ್ನುವಂತೆ ಒಂದು ಕ್ಷಣ ನಿಂತ, ತಡವಾಗುತ್ತದೆ ಅಂತ ನಡೆದ.

ಮನೆಗೆ ಬಂದಾಗ ಬೆಳಕು ಇನ್ನೂ ಇತ್ತು. ಬಾನಿಯ ಹತ್ತಿರ ಹೋಗಲು ಹೆದರಿ ಮೊದಲು ಚಪ್ಪಲಿ ಬಿಟ್ಟ, ಟವೆಲು ಒಣಹಾಕಿದ, ನೀರು ಕುಡಿದ. ಆಮೇಲೆ ಬಗ್ಗಿ ನೋಡಿದ. ಗೂಡಿನ ನೊರೆ ಒಡೆದು ಬಾದಾಮಿ ಎಲೆಗೆ ಅಂಟಿತ್ತು. ಗಂಡುಮೀನು ಎಲೆಯ ಕೆಳಗೆ ನಿಂತಿತ್ತು. ಬಹಳ ಹೊತ್ತು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಅಂಚಿನಲ್ಲಿ, ಮಣ್ಣಿಗೆ ಅಂಟಿಕೊಂಡಂತೆ, ಒಂದಿಷ್ಟು ಮರಿಗಳು ಅಲುಗಿದವು. ಬೆಳಗಿನಷ್ಟಿಲ್ಲ. ಬೆಳಿಗ್ಗೆ ಎಷ್ಟಿದ್ದವು ಅಂತ ಯಾರಿಗೆ ಗೊತ್ತು? ಅವನು ಸೌಟಿನಿಂದ ಗಂಡುಮೀನನ್ನು ಎತ್ತಿ ಹಾರ್ಲಿಕ್ಸ್ ಬಾಟಲಿಗೆ ಹಾಕಿದ. ಬಾಟಲಿಗೆ ಬಿದ್ದ ಮೇಲೂ ಅದು ಬಾಯಿ ತೆರೆದು ಮುಚ್ಚಿ ಏನನ್ನೋ ಹುಡುಕುತ್ತಿತ್ತು. ತಂಬಿಗೆಯ ಮೀನನ್ನು ಇನ್ನೊಂದಕ್ಕೆ ಇಳಿಸಿದ, ನಡುವೆ ರಟ್ಟು ಇಟ್ಟ, ಬಾನಿಗೆ ಹುಲ್ಲಿನ ನೀರು ಹಾಕಿದ.

ತಂಬಿಗೆಯನ್ನು ಬೂದಿ ಹಾಕಿ ತಿಕ್ಕಿ ತೊಳೆದು ಬೆಳಿಗ್ಗೆ ಬರಣಿಯಿದ್ದ ಜಾಗದಲ್ಲಿ ಇಟ್ಟ. ನಾಳೆ ಆಡಕಿಯ ಬಸ್ಸಿಗೆ ಹೋಗಬೇಕು. ಹೋಗಿ ಅಂಗಳದಲ್ಲಿ ಕೂತು ಉಂಡು ಬರುವುದಲ್ಲ, ಬಾ ಅನ್ನಬೇಕು. ಅವಳು ಬರುವುದಿಲ್ಲ ಅಂದರೆ, ಅಂದದ್ದನ್ನು ಕೇಳಿಸಿಕೊಳ್ಳಬೇಕು. ಬೇರೆಯವರ ಮನೆಯ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡಬಾರದು, ಅಷ್ಟು ಅವನಿಗೂ ಗೊತ್ತಿತ್ತು. ಪೀರಮ್ಮ ಯಾವಾಗಲೂ ಏನಾದರೂ ಹಾಕಿಯೇ ಕೊಡುತ್ತಿದ್ದಳು. ತಾಜುನ್ನಿಸಾಳಿಗೆ ಏನು ಹಾಕಿ ಕೊಡುತ್ತಿದ್ದಳು? ಜೋಳವೋ, ಬೆಲ್ಲವೋ? ಅವನು ಎದ್ದು ಗಡಿಗೆಗಳ ಮುಚ್ಚಳ ಒಂದೊಂದಾಗಿ ತೆಗೆದು ನೋಡಿದ. ಎರಡು ಮನೆಯ ನಡುವೆ ಅಷ್ಟು ವರ್ಷ ಪಾತ್ರೆಗಳು ಓಡಾಡಿದ್ದವು, ಒಮ್ಮೆಯೂ ಅವನು ಒಳಗೆ ಇಣುಕಿ ನೋಡಿರಲಿಲ್ಲ.